ಇಡ್ಲಿ ಗ್ರೈಂಡರಿನ ಬೆಲ್ಟಿನಲ್ಲಿ ಓಡಿದ ಅಮೆರಿಕನ್ ಕಾರು

ನಿನ್ನೆ ನಮ್ಮನೆ ಗ್ರೈಂಡರಿನ ಬೆಲ್ಟ್ ಬಿಸಿಯಾಗಿ ತುಂಡಾಯಿತು. ಆ ರಬ್ಬರಿನ ವಾಸನೆಗೆ ಅಪ್ಪನ ಚೆಂಬೂರು ಹೋಟೆಲಿನ ಹಿಂದೆ ನಿಲ್ಲುತ್ತಿದ್ದ ಹಳೇ ಅಮೆರಿಕನ್ ಕಾರು ನೆನಪಾಯಿತು. ಅಪ್ಪ ಬೆಳಿಗ್ಗೆ ಹೋಟೆಲಿನ ಟೇಬಲ್‌ಗಳಿಗಿಂತ ಮೊದಲು ಅದನ್ನು ಒರೆಸುತ್ತಿದ್ದರು.

ಒಮ್ಮೆ ಅದರ ಫ್ಯಾನ್ ಬೆಲ್ಟ್ ಹರಿಯಿತು. ಅಪ್ಪ ಆ ತುಂಡನ್ನು ಹಿಡಿದು ಚೋರ್ ಬಜಾರಿನಿಂದ ಜೋಗೇಶ್ವರಿಯ ವರ್ಕ್‌ಶಾಪುಗಳವರೆಗೆ ಅಲೆದರು. ಎಲ್ಲೂ ಸಿಗಲಿಲ್ಲ. ಕೊನೆಗೆ ಸೋತು ಗುಜರಿಯವನನ್ನು ಕರೆಸಿದರು.

ಅವನು ಬಾನೆಟ್ ತಟ್ಟಿ ನಕ್ಕ. "ಸೇಠ್, ಇದರ ಪಾರ್ಟ್ಸ್ ಈಗ ಅಮೆರಿಕದಲ್ಲೂ ಇಲ್ಲ. ತೂಕಕ್ಕೆ ಹಾಕಿಬಿಡಿ."

ಅಮ್ಮ ಹೋಟೆಲಿನ ಅಡುಗೆಮನೆಗೆ ಹೋಗಿ, ಇಡ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರಿನ ಬೆಲ್ಟ್ ಬಿಚ್ಚಿಸಿ ತಂದಳು.

"ಇದನ್ನು ಹಾಕಿ ನೋಡಿ."

"ನಾಳೆ ಇಡ್ಲಿಗೆ ಏನು ಮಾಡುವುದು, ಮಾರಾಯ್ತಿ?"

"ಒಂದು ದಿನ ಚೆಂಬೂರಿನವರು ಅವಲಕ್ಕಿ ತಿನ್ನಲಿ."

ಬೆಲ್ಟ್ ಸ್ವಲ್ಪ ಸಡಿಲವಿತ್ತು. ಅಪ್ಪ ಬೆಲ್ಟ್ ಸುತ್ತಿಕೊಳ್ಳುವ ಡೈನಮೋವನ್ನು ಹೊರಕ್ಕೆ ಸರಿಸಿ ಅದನ್ನು ಬಿಗಿ ಮಾಡಿದರು. ಕಾರು ಕೀರಲು ದನಿ ಮಾಡುತ್ತಲೇ ಹೊರಟಿತು. ಗುಜರಿಯವನನ್ನು ಅದರಲ್ಲೇ ಕೂರಿಸಿ, ಅವನ ಅಂಗಡಿಯ ಬಾಗಿಲಲ್ಲಿ ಇಳಿಸಿ ಬಂದೆವು.

ಇವತ್ತು ಗ್ರೈಂಡರ್ ಅಂಗಡಿಯವನು, "ಈ ಮಾಡೆಲ್ ಈಗ ಬರಲ್ಲ ಮೇಡಂ, ಹೊಸದೇ ತಗೊಳ್ಳಿ" ಅಂದ. ತುಂಡಾದ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು, ರಸ್ತೆಯಾಚೆಯ ಕಾರ್ ಪಾರ್ಟ್ಸ್ ಅಂಗಡಿಗೆ ನಡೆದೆ.