ಬಾವಿ ಮುಟ್ಟದವರ ಲೆಕ್ಕ

ಮೊನ್ನೆ ನಮ್ಮ ಮನೆಯ ಹಿಂದಿನ ತೊಗರಿ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಹೋದರು. ಪ್ಲಾಟು ಮಾಡುತ್ತಾರಂತೆ. ಮುಂಜಾನೆಯ ಇಬ್ಬನಿಗೆ ಸುಣ್ಣ ನೆನೆದು ಘಾಟು ವಾಸನೆ ಕಿಟಕಿಯಿಂದ ಒಳಗೆ ಬಂತು. ಚಹಾದ ಬಟ್ಟಲು ಹಿಡಿದವಳು ಹಾಗೇ ಕೂತುಬಿಟ್ಟೆ. ನನ್ನ ಹರೆಯದಲ್ಲಿ, ಇದೇ ಹುಮನಾಬಾದಿನಲ್ಲಿ, ಹೀಗೇ ಒಂದು ಹೊಲದಿಂದ ಈ ವಾಸನೆ ಬಂದಿತ್ತು. ಅದರ ಬೆನ್ನಿಗೇ ಅವ್ವಾರು ನೆನಪಾದರು...

ಕೇರಿಯವರೆಲ್ಲ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದೆವು. ಗಿರ್ದಾವರರ ಹೆಂಡತಿ. ನಿಜಾಮರ ಕಾಲದಲ್ಲಿ ಊರೂರು ತಿರುಗಿ ಹೊಲ, ಜಾಗ ಅಳೆದು ಮೇಲಿನವರಿಗೆ ವರದಿ ಕೊಡುವ ನೌಕರನನ್ನು ಗಿರ್ದಾವರ ಎನ್ನುತ್ತಿದ್ದರು. ನಾನು ನಾರಾಯಣಪುರದಿಂದ ಮದುವೆಯಾಗಿ ಬಂದ ಹೊಸ ಸೊಸೆ. ಬಂದ ಮರುದಿನವೇ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ, ಬಾವಿಯ ಹತ್ತಿರ ಎಲ್ಲಿ ನಿಲ್ಲಬೇಕೆಂದು ತೋರಿಸಿಕೊಟ್ಟಳು.

ಮೇಲ್ಜಾತಿಯವರ ಗಲ್ಲಿಯ ತುದಿಯಲ್ಲಿ ಕಲ್ಲು ಕಟ್ಟಿದ ಸಿಹಿನೀರಿನ ಬಾವಿ. ಅದರ ಕಟ್ಟೆಗೆ, ಹಗ್ಗಕ್ಕೆ ನಮ್ಮ ಕೈ ತಾಗಬಾರದು. ಕೊಡ ಕೆಳಗಿಟ್ಟು ದೂರ ಸರಿದು ನಿಲ್ಲಬೇಕು. ಮೇಲಿನವರು ಯಾರಾದರೂ ಮನಸ್ಸು ಮಾಡಿ ಸುರಿದರೆ ನೀರು, ಇಲ್ಲದಿದ್ದರೆ ಬಿಸಿಲು. ಅವ್ವಾರು ಮಾತ್ರ ಕಾಯಿಸುತ್ತಿರಲಿಲ್ಲ. ಬಂದ ಕೂಡಲೇ ಮೊದಲು ನಮ್ಮ ಕೊಡ ತುಂಬಿ, ಆಮೇಲೆ ತಮ್ಮದಕ್ಕೆ ಸೇದುತ್ತಿದ್ದರು. ನಾನು ಬಸುರಿಯಾದಾಗ, “ಏ ತಂಗಿ, ಹೊಟ್ಟೀಲಿದ್ದಾಕಿ ಬಿಸಲಾಗ ಯಾಕ ನಿಂತಿ? ಆ ಬೇವಿನ ಗಿಡದ ಬುಡಕ್ಕ ಕೂಡು, ನಿನ್ನ ಕೊಡ ನಾ ತುಂಬ್ತೇನಿ” ಎನ್ನುತ್ತಿದ್ದರು. ತವರು ಬಿಟ್ಟು ಬಂದವಳಿಗೆ ಆ ಮಾತು ಎಷ್ಟು ದೊಡ್ಡದೋ ಅಷ್ಟೇ ನೋವಿನದು. ಯಾಕೆಂದರೆ ಅವರೂ ಭುಜದೆತ್ತರಕ್ಕೆ ಕೈ ಎತ್ತಿಯೇ ಸುರಿಯುತ್ತಿದ್ದರು, ನಮ್ಮ ಕೊಡದ ಹನಿ ಸಿಡಿದು ಅವರ ಬಿಂದಿಗೆಗೆ ತಾಗದ ಹಾಗೆ.

ಮಾಣಿಕನಗರದ ಹಾದಿಗೆ ಹತ್ತಿದ ದೊಡ್ಡ ಹೊಲವೊಂದನ್ನು ತುಂಡು ಮಾಡಿ ಮನೆಗಳಿಗೆ ಕೊಡುವ ಮಾತು ಎದ್ದದ್ದು ನಾನು ಬಾಣಂತಿಯಾಗಿದ್ದಾಗ. ಅಡತಿ ವ್ಯಾಪಾರಿಗಳು, ವಕೀಲರು, ನೌಕರರು ಅಲ್ಲಿ ಮನೆ ಕಟ್ಟುವವರಿದ್ದರು. ಹೊಸ ಮನೆಗಳು ಬಂದರೆ ಊರಿನ ನೀರು, ಹಾದಿ ಸಾಲುತ್ತವೆಯೇ ಎಂದು ನೋಡಲು ದೊಡ್ಡ ಸಾಹೇಬರೊಬ್ಬರು ಬಂದರು. ಬಂದದ್ದು ದೀಪಾವಳಿ ಆದ ಮೇಲೆ. ಆ ಸಲ ಮಳೆ ಚೆನ್ನಾಗಿ ಆಗಿತ್ತು. ಬಗ್ಗಿದರೆ ಕೈಗೆ ಸಿಗುವ ಹಾಗೆ ಬಾವಿ ತುಂಬಿ ನಿಂತಿತ್ತು. ಸಾಹೇಬರು ಇಣುಕಿ ನೋಡಿ ನಕ್ಕರು. ಹೊಸ ಜಾಗದಲ್ಲಿಯೂ ಒಂದು ಬಾವಿ ತೋಡಿಸುತ್ತಾರೆಂಬ ಮಾತು ಇದ್ದುದರಿಂದ ಗಲ್ಲಿಯ ಗಂಡಸರು, “ನೀರಿಗೇನು ಬರ ಇಲ್ರಿ” ಎಂದರು. ಗಿರ್ದಾವರರು ತಲೆಯಾಡಿಸಿದರು. ಅವರಿಗೂ ಅಲ್ಲೊಂದು ಜಾಗ ನಿಗದಿಯಾಗಿದೆಯೆಂದು ನಮಗೆ ತಿಳಿದದ್ದು ಆಮೇಲೆ.

ಆಗ ಅವ್ವಾರು ಬಾವಿಯ ಹತ್ತಿರವೇ ಇದ್ದ ತಮ್ಮ ಮನೆಯ ಬಾಗಿಲ ಮರೆಯಿಂದಲೇ ಮಾತಾಡಿದರು.

“ಸಾಹೇಬ್ರ, ಬ್ಯಾಸಗ್ಯಾಗ ಬಂದು ನೋಡ್ರಿ. ತಳಾ ಕಾಣ್ತದ. ಮತ್ತ ಇಲ್ಲಿ ಕೆಳಗ ನಿಂತಾರಲ್ರಿ, ಇವ್ರನ್ನೂ ಲೆಕ್ಕಕ್ಕ ಹಿಡೀರಿ.”

ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ ನನ್ನ ಕಡೆ, ನನ್ನ ಹಿಂದಿದ್ದ ಹೆಂಗಸರ ಕಡೆ ಸಾಹೇಬರು ತಿರುಗಿ ನೋಡಿದರು. “ಇವರು ಈ ಬಾವಿಯವರೇನು?” ಎಂದು ಕೇಳಿದರು.

“ಅಲ್ರಿ ಸಾಹೇಬ. ಅವ್ರು ಬಾವಿ ಮುಟ್ಟಂಗಿಲ್ರಿ” ಎಂದರು ಗಿರ್ದಾವರರು. ನಂತರ ಬಾಗಿಲ ಕಡೆ ಕಣ್ಣು ಹಾಯಿಸಿ, “ನಮ್ಮ ಮನಿಯಾಕಿಗೆ ಬಾಯಿ ಜರಾ ಜಾಸ್ತಿ” ಎಂದು ನಕ್ಕರು. ಉಳಿದವರೂ ನಕ್ಕರು. ನಾವು ಬಾವಿ ಮುಟ್ಟುವುದಿಲ್ಲ, ಆದ್ದರಿಂದ ನಾವು ಅದರ ನೀರು ಕುಡಿಯುವವರೂ ಅಲ್ಲ. ಇಷ್ಟು ಸಲೀಸಾಗಿ ಒಂದು ಕೇರಿ ಲೆಕ್ಕದಿಂದ ಹೊರಗೆ ಹೋಯಿತು.

ಸುಣ್ಣದ ಗೆರೆ ಬಿದ್ದವು, ಗೋಡೆ ಎದ್ದವು. ಅಲ್ಲಿ ತೋಡಿದ ಬಾವಿಗೆ ಆಳದಲ್ಲಿ ಬಂಡೆ ಸಿಕ್ಕಿತು, ನೀರು ಸಿಗಲಿಲ್ಲ. ಹೊಸ ಮನೆಗಳ ಆಳುಗಳು ಬಂಡಿಯ ಮೇಲೆ ಪೀಪಾಯಿ ಹೇರಿಕೊಂಡು ಈ ಗಲ್ಲಿಯ ಬಾವಿಗೇ ಬರತೊಡಗಿದರು. ಗೋಡೆ ಕಟ್ಟುವುದಕ್ಕೂ ಅದೇ ನೀರು, ಕುಡಿಯುವುದಕ್ಕೂ ಅದೇ. ಮುಂದಿನ ಬೇಸಿಗೆಗೆ ಕೊಡ ಕೆಸರೆತ್ತತೊಡಗಿತು. ಗಲ್ಲಿಯವರು ಕೂಡಿ ಪಾಳಿ ಹಚ್ಚಿದರು. ಒಂದು ಮನೆಗೆ ಇಷ್ಟೇ ಕೊಡ ಎಂದರು. ಹೊಸ ಮನೆಗಳಿಗೂ ಪಾಳಿ ಬಂತು. ಕೇರಿಗೆ ಬರಲಿಲ್ಲ.

ಅವ್ವಾರು ತಮ್ಮ ಪಾಲಿನಿಂದಲೇ ಕೆಲವು ದಿನ ನಮಗೆ ಸುರಿದರು. ಒಂದು ಮುಂಜಾನೆ ಗಿರ್ದಾವರರು ಬಾವಿಯ ತನಕ ಬಂದು, ಎಲ್ಲರ ಎದುರಿಗೆ ಅವರ ಕೈಯಿಂದ ಹಗ್ಗ ಕಸಿದುಕೊಂಡರು. “ಮನ್ಯಾಗ ಕುಡ್ಯಾಕ ನೀರಿಲ್ಲ, ನೀ ಇಲ್ಲಿ ದಾನಾ ಮಾಡಾಕತ್ತಿಯೇನ?” ಅವ್ವಾರು ತಲೆಯ ಮೇಲಿನ ಸೆರಗು ಎಳೆದುಕೊಂಡು ಹೋದರು.

ಮರುದಿನ ಬಂದರು. ಸೇದಿದರು. ಕೊಡ ಎತ್ತಿಕೊಂಡರು. ನಾನು ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ, “ಅವ್ವಾರ, ಕೂಸಿನ ಬಾಯಿಗಿ ಹಾಕಾಕಷ್ಟರ ಕೊಡ್ರಿ” ಎಂದೆ.

“ನನ್ನ ಕೈಯಾಗಿಲ್ಲ, ತಂಗಿ.”

ಅವರು ನನ್ನ ಮುಖ ನೋಡಲಿಲ್ಲ. ಅವರ ಕೊಡದಿಂದ ತುಳುಕಿದ ನೀರು ಹಾದಿಯ ಮಣ್ಣಿಗೆ ಬೀಳುತ್ತ ಹೋಯಿತು... ಅದನ್ನು ನಾನು ನೋಡುತ್ತ ನಿಂತಿದ್ದೆ.

ಕೇರಿಯವರೆಲ್ಲ ಹಳ್ಳದಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ಬಟ್ಟೆಯಲ್ಲಿ ಸೋಸಿ ತಂದೆವು. ಹೊಸ ಮನೆಗಳ ಬಚ್ಚಲ ನೀರೆಲ್ಲ ಹರಿದು ಆ ಹಳ್ಳಕ್ಕೇ ಬರುತ್ತಿತ್ತು. ನಮಗೆ ಬೇರೆ ದಾರಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಕೇರಿಗೆ ವಾಂತಿಭೇದಿ ಹೊಕ್ಕಿತು. ಮೊದಲು ಅತ್ತೆಯ ತಮ್ಮ ಹೋದ. ಆಮೇಲೆ ನನ್ನ ಮಗಳು. ಗೋಡೆ ಹಿಡಿದು ಆಗಷ್ಟೇ ಹೆಜ್ಜೆ ಇಡುತ್ತಿದ್ದಳು. ಮುಂಜಾನೆ ಆಡುತ್ತಿದ್ದ ಕೂಸು, ಹೊತ್ತು ಮುಳುಗುವುದರೊಳಗೆ ತುಟಿ ಒಣಗಿ ತಣ್ಣಗಾಯಿತು.

ಮಣ್ಣು ಮಾಡಿ ಬಂದ ಮರುದಿನ ಅವ್ವಾರು ಕೇರಿಗೆ ಬಂದರು. ಅವರ ಮನೆಯವರು ಯಾರೂ ಅದುವರೆಗೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಸೊಂಟದ ಮೇಲೆ ತುಂಬಿದ ಹಿತ್ತಾಳೆ ಕೊಡ. ಮೇಲಿಂದ ಸುರಿಯಲಿಲ್ಲ. ನಮ್ಮ ಹೊಸ್ತಿಲ ಮೇಲೆ ಕೊಡವನ್ನೇ ಇಟ್ಟು, “ತಗೋ ತಂಗಿ” ಎಂದರು. ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು. ಕಣ್ಣೂ ಕೆಂಪಾಗಿದ್ದವು.

“ಮೊನ್ನಿ ತರಬೇಕಿತ್ರಿ, ಅವ್ವಾರ” ಎಂದೆ.

ಅವರು ಬರಿಗೈಯಲ್ಲಿ ಹೊರಟುಹೋದರು. ಅತ್ತೆ ಆ ನೀರನ್ನು ಬೇನೆ ಬಿದ್ದ ಮನೆಗಳಿಗೆಲ್ಲ ಹಂಚಿದಳು. ನಾನು ಮುಟ್ಟಲಿಲ್ಲ. ಕೊಡ ನಮ್ಮಲ್ಲೇ ಉಳಿಯಿತು. ನಾವು ಮುಟ್ಟಿದ ಕೊಡ ಅವರ ಮನೆಗೆ ಹೋಗುವ ಹಾಗಿರಲಿಲ್ಲ. ಅದು ಗೊತ್ತಿದ್ದೇ ತಂದಿರಬೇಕು.

ಅದೇ ವರ್ಷ ಅವರು ಹೊಸ ಮನೆಗೆ ಹೋದರು. ಮುಂದೆ ರಜಾಕಾರರ ಹಾವಳಿ ಎದ್ದಾಗ ಗಂಡ ಹೆಂಡತಿ ಸೊಲ್ಲಾಪುರದ ಕಡೆ ಹೋದವರು ತಿರುಗಿ ಬರಲಿಲ್ಲ. ಅವ್ವಾರು ಅಲ್ಲೇ ತೀರಿಕೊಂಡರೆಂದು ಬಹಳ ದಿನಗಳ ಮೇಲೆ ಯಾರೋ ಹೇಳಿದರು. ಯಾವ ಬೇನೆ, ಯಾರು ಹತ್ತಿರ ಇದ್ದರು... ಕೇಳಬೇಕೆನಿಸಿತು, ಕೇಳಲಿಲ್ಲ.

ನಾನು ಅಕ್ಷರ ಕಲಿತದ್ದೇ ತಡವಾಗಿ, ಇದನ್ನು ಬರೆಯುವುದಕ್ಕೂ ತಡವಾಯಿತು. ಈಗ ನಮ್ಮ ಮನೆಯೊಳಗೇ ನಲ್ಲಿ ಇದೆ, ಎರಡು ದಿನಕ್ಕೊಮ್ಮೆ ನೀರು ಬರುತ್ತದೆ. ಆ ಹೊಸ ಬಡಾವಣೆಯೂ ಹಳೆಯದಾಗಿದೆ. ಅಲ್ಲಿಯವರಿಗೆ ಅವ್ವಾರು ಗೊತ್ತಿಲ್ಲ, ನನ್ನ ಮಗಳಂತೂ ಯಾರಿಗೂ ಗೊತ್ತಿಲ್ಲ. ಅವಳನ್ನು ಲೆಕ್ಕದಿಂದ ಬಿಟ್ಟ ಸಾಹೇಬರ ಮುಖ ನನಗೆ ನೆನಪಿಲ್ಲ, ನಕ್ಕ ಗಂಡಸರ ಮುಖಗಳೂ ಅಳಿಸಿಹೋಗಿವೆ. ಅವ್ವಾರ ಮುಖ ಮಾತ್ರ ಉಳಿದಿದೆ, ಅವರ ಮೇಲಿನ ಸಿಟ್ಟೂ ಹಾಗೇ ಉಳಿದಿದೆ. ಇಡೀ ಗಲ್ಲಿಯಲ್ಲಿ, ಸಿಟ್ಟು ಮಾಡುವಷ್ಟು ನನ್ನವರು ಅನಿಸಿದ್ದು ಅವರೊಬ್ಬರೇ.