ಸಾರಿನ ಕಲೆ ಬಿದ್ದ ಟೆಕ್ಸಸ್

ನಮ್ಮ ಊಟದ ಮೇಜಿನ ಮೇಲೆ ಇಡೀ ಪ್ರಪಂಚವೇ ಹಾಸಿಕೊಂಡಿದೆ. ಹೀಗೆಂದರೆ ಜಂಬ ಕೊಚ್ಚಿಕೊಂಡಂತೆ ಕೇಳಿಸೀತು. ವಿಷಯ ಇಷ್ಟೇ, ಮಿತ್ರರೇ: ಕುವೈತ್ ಸಿಟಿಯ ಹಳೆಯ ಪೇಟೆಯಲ್ಲಿ ನನ್ನ ಹೆಂಡತಿ ಸುಧಾ ಚೌಕಾಸಿ ಮಾಡಿ ತಂದ ಪ್ಲಾಸ್ಟಿಕ್ ಹಾಸಿನ ಮೇಲೆ ಭೂಪಟ ಅಚ್ಚಾಗಿದೆ. ಬ್ನೇದ್ ಅಲ್ ಗಾರ್‌ನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ನಾನು ಆಸ್ಟ್ರೇಲಿಯಾದ ಮೇಲೆ ತಟ್ಟೆಯಿಟ್ಟು ಉಣ್ಣುತ್ತೇನೆ, ಸುಧಾ ಆಫ್ರಿಕಾದ ತುದಿಯಲ್ಲಿ, ಮಗಳು ಇಂಚರ ಉತ್ತರ ಅಮೆರಿಕದಲ್ಲಿ. ನಮಗೆ ಅನ್ನ ಕೊಡುವ ಕುವೈತು ಮಾತ್ರ ಪಾಪ, ಉಪ್ಪಿನಕಾಯಿ ಬಾಟಲಿಯ ಅಡಿಯಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಇನ್ನು ಟೆಕ್ಸಸ್ ಇರಬೇಕಾದ ಜಾಗದಲ್ಲಿ ಸಾರಿನದೊಂದು ಹಳದಿ ಕಲೆಯಿದೆ. ಎಷ್ಟು ಉಜ್ಜಿದರೂ ಅದು ಜಗ್ಗಿಲ್ಲ.

ಅಚ್ಚಗನ್ನಡದ ಹೆಸರಿಟ್ಟರೆ ಭಾಷೆ ಅದರ ಬೆನ್ನಿಗೇ ನಡೆದುಬರುತ್ತದೆಂದು ನಂಬಿದ ತಂದೆಯರ ಸಾಲಿನಲ್ಲಿ ನಾನು ಮುಂದೆಯೇ ನಿಂತವನು. ಹದಿಮೂರರ ಇಂಚರಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬೈಗುಳವಂತೂ ಅದರ ಸಕಲ ಸೂಕ್ಷ್ಮಗಳ ಸಮೇತ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಳೆದ ವರ್ಷ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ವೇದಿಕೆ ಹತ್ತಲು ಒಲ್ಲೆನೆಂದು ಕುಳಿತವಳು, ನಾನು ಒತ್ತಾಯಿಸಿದಾಗ ತಣ್ಣಗೆ ಹೇಳಿದ್ದಳು:

“ದಟ್ಸ್ ಯುವರ್ ಲ್ಯಾಂಗ್ವೇಜ್, ಅಪ್ಪಾ. ನಾಟ್ ಮೈನ್.”

ಆ ಮಾತು ನನ್ನ ಎದೆಗೆ ನಾಟಿತು. ಮರುಭೂಮಿಯ ಬಿಸಿಲು, ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆ ಓಡಾಟ, ಊರಿಗೆ ಹೋಗಲಾಗದ ಹಬ್ಬಗಳು, ಎಲ್ಲವನ್ನೂ ನಗುತ್ತ ಸಹಿಸಿಕೊಂಡವನು ನಾನು, ಇದೊಂದನ್ನು ಸಹಿಸಲಾಗಲಿಲ್ಲ.

ಆದ್ದರಿಂದ ಈ ಸಲ ಮೊದಲೇ ಸಜ್ಜಾದೆ. ನಮ್ಮ ಬಳಗದಲ್ಲೊಂದು ಪದ್ಧತಿಯಿದೆ: ಮಕ್ಕಳ ಭಾಷಣವನ್ನು ಅಪ್ಪ ಅಮ್ಮಂದಿರು ಕನ್ನಡದಲ್ಲಿ ರಚಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೈಗಿಡುವುದು, ಮಕ್ಕಳು ಅದನ್ನು ಉರುಹೊಡೆದು ಒಪ್ಪಿಸುವುದು, ನಾವು ಹೆಮ್ಮೆಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಊರಿಗೆ ಕಳಿಸುವುದು. ನಾನು ನಾಡಿನ ಏಕೀಕರಣವನ್ನು ಕುರಿತು ‘ಹರಿದು ಹಂಚಿಹೋಗಿದ್ದ ಭವ್ಯ ಪರಂಪರೆಯ’ ಎಂದು ಶುರುವಾಗುವ ಘನಗಂಭೀರ ಭಾಷಣವನ್ನು ಆ ಪರದೇಶಿ ಲಿಪಿಯಲ್ಲಿ ಇಳಿಸಿ ಕೊಟ್ಟೆ. ಇಂಚರ ಅದನ್ನು ಬ್ಯಾಂಕಿನ ದೂರವಾಣಿಯ ಪ್ರಕಟಣೆಯಂತೆ ಓದಿ ಮಡಿಸಿಟ್ಟಳು. ಮಾತಾಡಲೇಬೇಕೆಂದರೆ ತಾನು ಶಾಲೆಯಲ್ಲಿ ಈಗ ಓದುತ್ತಿರುವ ಟೆಕ್ಸಸ್ಸಿನ ಬಗ್ಗೆ ಮಾತಾಡುವುದಾಗಿ ಷರತ್ತು ಹಾಕಿದಳು. ರಾಜ್ಯೋತ್ಸವಕ್ಕೂ ಟೆಕ್ಸಸ್ಸಿಗೂ ಎತ್ತಣಿಂದೆತ್ತ ಸಂಬಂಧವೆಂದು ನಾನು ರೇಗಿದೆ.

ಅವಳು ಸಾರಿನ ಕಲೆಯ ಸುತ್ತ ಬೆರಳಾಡಿಸುತ್ತ ಕತೆ ಹೇಳತೊಡಗಿದಳು, ಇಂಗ್ಲಿಷಿನಲ್ಲೇ. ಸ್ಪೇನಿನಿಂದ ಆಗತಾನೆ ಬಿಡುಗಡೆಯಾಗಿದ್ದ ಮೆಕ್ಸಿಕೋಗೆ ತನ್ನ ಉತ್ತರದ ಗಡಿಸೀಮೆಯಲ್ಲಿ ಜನ ಸಾಲದೆ, ಅದು ಪಕ್ಕದ ಅಮೆರಿಕದವರನ್ನು ತಾನೇ ಕರೆದು ಭೂಮಿ ಕೊಟ್ಟಿತಂತೆ. ನಮ್ಮ ಪ್ರಜೆಗಳಾಗಿ, ನಮ್ಮ ಧರ್ಮಕ್ಕೆ ಸೇರಿ, ನಮ್ಮ ಕಾನೂನಿಗೆ ನಡೆದುಕೊಳ್ಳಿ ಎಂದಿತಂತೆ. ಬಂದವರು ಹೂಂಗುಟ್ಟಿದರು, ಹೊಲ ಮಾಡಿದರು, ಮನೆ ಕಟ್ಟಿದರು. ನೋಡನೋಡುತ್ತ ಇದ್ದವರಿಗಿಂತ ಬಂದವರೇ ಹೆಚ್ಚಾದರು. ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ಮೆಕ್ಸಿಕೋ ಹೇಳಿದ್ದು ಅವರಿಗೆ ರುಚಿಸಲಿಲ್ಲ. ದೂರದ ರಾಜಧಾನಿ ಹಿಡಿತ ಬಿಗಿ ಮಾಡಿದ್ದೂ ರುಚಿಸಲಿಲ್ಲ. ಬಂಡೆದ್ದು, ಗೆದ್ದು, ಒಂಟಿ ನಕ್ಷತ್ರದ ಬಾವುಟ ಹಾರಿಸಿ ಕೆಲವು ವರ್ಷ ತಮ್ಮದೇ ದೇಶವಾಗಿದ್ದು, ಕೊನೆಗೆ ಅಮೆರಿಕಕ್ಕೆ ಸೇರಿಕೊಂಡರು. ಅವರ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ ಅಲ್ಲಿನ ಹಳೆಯ ಮೆಕ್ಸಿಕನ್ನರು ತಮ್ಮ ಮನೆಯಲ್ಲೇ ಪರಕೀಯರಾದರು. ಅದಕ್ಕೂ ಹಿಂದಿನಿಂದ ಅಲ್ಲಿದ್ದ ಮೂಲನಿವಾಸಿಗಳ ಮಾತನ್ನಂತೂ ಯಾರೂ ಎತ್ತಲಿಲ್ಲ.

ಕೇಳುತ್ತ ಕೇಳುತ್ತ ನನ್ನ ಸಾರು ಆರಿಹೋಯಿತು. ನಾವೂ ಕರೆಸಿಕೊಂಡು ಬಂದವರೇ ಅಲ್ಲವೇ? ಈ ನಾಡಿನಲ್ಲೂ ಇದ್ದವರಿಗಿಂತ ಬಂದವರೇ ಹೆಚ್ಚು. ಆದರೆ ನಾವು ಭೂಮಿಯ ಆಸೆಯಿಲ್ಲದೆ, ಹೊರಡುವ ಪೆಟ್ಟಿಗೆಯನ್ನು ಮಂಚದಡಿಯಲ್ಲೇ ಇಟ್ಟುಕೊಂಡು ಬದುಕುವ ಜನ. ಉಂಡ ಮನೆಗೆ ಎರಡು ಬಗೆಯದೆ ದುಡಿದಿದ್ದೇವೆಂಬ ಹೆಮ್ಮೆ ನನಗಿದೆ, ಅದನ್ನು ಮುಚ್ಚಿಡಲಾರೆ. ಗಡಿ ದಾಟುವುದು ನಮ್ಮ ಮನೆತನಕ್ಕೂ ಹೊಸದಲ್ಲ. ನಮ್ಮದು ಕೊಳ್ಳೇಗಾಲ. ಏಕೀಕರಣದ ಕಾಲಕ್ಕೆ ನಮ್ಮ ತಾತ ಮದರಾಸು ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದವರು. ಮನೆ ಬದಲಿಸದೆ ರಾಜ್ಯ ಬದಲಿಸಿದವರು. ತಮ್ಮ ಮಾತಿನವರ ಜೊತೆ ಸೇರಿದ ಆ ಬೆಳಗನ್ನು ಅವರು ಕೊನೆಯವರೆಗೂ ಮದುವೆಯ ಸುದ್ದಿಯಂತೆ ಹೇಳುತ್ತಿದ್ದರು. ಅವರ ಮರಿಮಗಳೋ, ನನ್ನ ಎದುರಿಗೇ ಕುಳಿತು ಇನ್ನೊಂದು ಭಾಷೆಯ ಪ್ರಜೆಯಾಗಿಬಿಟ್ಟಿದ್ದಾಳೆ. ನಮ್ಮ ಟೆಕ್ಸಸ್ಸೂ ಕೈಬಿಟ್ಟು ಹೋಯಿತು ಕಣೆ ಎಂದು ಸುಧಾಳಿಗೆ ಅರ್ಧ ತಮಾಷೆಯಾಗಿ ಹೇಳಿದೆ. ಇಂಚರ ತಲೆಯೆತ್ತದೆ ಮೊಸರು ಕಲಸಿಕೊಂಡಳು.

ಸುಧಾಳಿಗೆ ಬೇರೆಯೇ ಅಳುಕು. ಒಂದು ನೆಲ ಇನ್ನೊಂದು ದೇಶಕ್ಕೆ ಸೇರಿದ ಮಾತನ್ನು ಈ ದೇಶದಲ್ಲಿ ಹಗುರವಾಗಿ ಆಡಬಾರದೆಂಬುದು ಅವಳ ವಾದ, ಅದರಲ್ಲಿ ಹುರುಳೂ ಇತ್ತು. ಹಾಗಾಗಿ ನಾನು ಮಗಳನ್ನು ಕರೆದುಕೊಂಡು ಮಿರ್ಕಾಬ್‌ನಲ್ಲಿದ್ದ ಫೆಲಿಕ್ಸ್ ಅಂಕಲ್ಲರ ಆಫೀಸಿಗೆ ಹೋದೆ. ಮಂಗಳೂರಿನ ಕೊಂಕಣಿ ಮನೆತನದ ಇವರು ನಮ್ಮ ಬಳಗದ ಹಿರಿಯರು, ಕಾರ್ಯಕ್ರಮದ ಉಸ್ತುವಾರಿ ಅವರದೇ. ತೊಂಬತ್ತರ ಆಗಸ್ಟಿನಲ್ಲಿ ನೆರೆಯ ದೇಶ ಸೈನ್ಯ ನುಗ್ಗಿಸಿ, ಕುವೈತು ನಮ್ಮದೇ ಒಂದು ಪ್ರಾಂತ್ಯವೆಂದು ಸಾರಿದಾಗ ಅವರು ಇಲ್ಲೇ ಇದ್ದ ತರುಣ. ಆ ದಿನಗಳ ಬಗ್ಗೆ ಅವರಾಗಿ ಎಂದೂ ಬಾಯಿಬಿಟ್ಟವರಲ್ಲ. ಈಗಲೂ ಕತೆಯನ್ನೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ನನಗಲ್ಲ, ಇಂಚರಳಿಗೆ ಹೇಳಿದರು:

“ಕೇಳಿ ಸೇರೂದು ಬೇರೆ, ಕೇಳದೆ ಸೇರ್ಸಿಕೊಳ್ಳೂದು ಬೇರೆ ಮಗಾ. ನಂಗೆ ಗೊತ್ತುಂಟು. ನೀನು ಎಂತದರ ಬಗ್ಗೆ ಬೇಕಾದ್ರೂ ಮಾತಾಡು. ಕನ್ನಡದಲ್ಲಿ ಮಾತಾಡ್ಬೇಕು, ಅಷ್ಟೇ.”

ಕಾರ್ಯಕ್ರಮದ ದಿನ ಬಂತು. ಮುನ್ನೆಚ್ಚರಿಕೆಗೆಂದು ಟೆಕ್ಸಸ್ ಭಾಷಣವನ್ನೂ ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ. ಅವಳು ಆ ಹಾಳೆಯನ್ನು ಕುರ್ಚಿಯ ಮೇಲೆ ಬಿಟ್ಟು ಬರಿಗೈಯಲ್ಲಿ ವೇದಿಕೆ ಹತ್ತಿದಳು. ನಾಲ್ಕು ವಾಕ್ಯ ಸರಾಗವಾಗಿ ಹೋಯಿತು, ಅಮ್ಮನ ಮಂಡ್ಯದ ಧಾಟಿಯಲ್ಲಿ. ಆಮೇಲೆ ನಿಂತುಬಿಟ್ಟಳು. ಕಳೆದ ವರ್ಷದ ನೆನಪಾಗಿ ನಾನು ಕಣ್ಣು ಮುಚ್ಚಿಕೊಂಡೆ. ಅವಳು ಮಾತ್ರ ಸಭೆಯನ್ನೇ ಕೇಳಿದಳು, ಸೆಟ್ಲರ್ಸ್‌ಗೆ ಕನ್ನಡದಲ್ಲಿ ಏನಂತಾರೆ ಎಂದು. ಮುಂದಿನ ಸಾಲಿನಿಂದ ‘ವಲಸಿಗರು’ ಬಂತು, ಅದಲ್ಲ ಎಂದು ಇನ್ನೊಬ್ಬರು ತಿದ್ದಿದರು, ಹಿಂದಿದ್ದವರು ತಮ್ಮತಮ್ಮೊಳಗೆ ತುಳುವಿನಲ್ಲಿ ಚರ್ಚೆಗಿಳಿದರು. ಆಗ ಸುಧಾ ಕುಳಿತಲ್ಲಿಂದಲೇ, “ಒಕ್ಕಲು ಬಂದೋರು ಅನ್ನವ್ವ” ಎಂದಳು. ಒಕ್ಕಲು ಬಂದೋರು ಎಂದಳು ಮಗಳು, ಮತ್ತೆ ಹೊರಟಳು. ಎಡವಿದಲ್ಲೆಲ್ಲ ಸಭೆ ಕೈಹಿಡಿಯಿತು. ನಡುವೆ ಇಂಗ್ಲಿಷೂ ಬಂತು, ಹಿಂದಿಯೂ ಇಣುಕಿತು, ಆದರೆ ನಡೆದದ್ದು ಮಾತ್ರ ಕನ್ನಡವೇ, ಅವಳದೇ ಕನ್ನಡ. ಕೊನೆಗೆ ಫೆಲಿಕ್ಸ್ ಅಂಕಲ್ಲರತ್ತ ನೋಡಿ ಹೇಳಿದಳು:

“ಟೆಕ್ಸಸ್ ಅಲ್ಲಿ ಮೊದ್ಲಿಂದ ಇದ್ದೋರ್ನ ಯಾರೂ ಕೇಳ್ಲಿಲ್ಲ. ಕೇಳ್ಬೇಕಿತ್ತು. ನಾನು ಇಂಗ್ಲಿಷ್‌ಗೆ ಸೇರ್ಕೊಂಡ್ಬಿಟ್ಟೆ ಅಂತ ನಮ್ಮಪ್ಪಂಗೆ ಭಯ. ನನ್ನೂ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ, ನಾನು ಎಲ್ಲೂ ಹೋಗಿಲ್ಲ, ಇಲ್ಲೇ ಇದೀನಿ. ಖಲಾಸ್.”

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಫೆಲಿಕ್ಸ್ ಅಂಕಲ್ ಮತ್ತೆ ಕನ್ನಡಕ ಒರೆಸಿಕೊಂಡರು. ನಾನು ಅತ್ತೆ, ಹೆಮ್ಮೆಯಿಂದ, ನಾಚಿಕೆಯಿಲ್ಲದೆ, ಅಕ್ಕಪಕ್ಕದವರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ. ಮೊಬೈಲಿನಲ್ಲಿ ಚಿತ್ರೀಕರಿಸುವುದು ಮರೆತೇಹೋಗಿತ್ತು. ನಮ್ಮ ತಾತ ಆ ಒಂದು ಬೆಳಗನ್ನು ಯಾಕೆ ಆಯುಷ್ಯವಿಡೀ ಹೇಳಿಕೊಂಡು ತಿರುಗಿದರೆಂದು ಆವತ್ತು ಗೊತ್ತಾಯಿತು.

ಮರುದಿನ ಸುಧಾ ಹೂವಿನ ಚಿತ್ತಾರದ ಹೊಸ ಹಾಸೊಂದನ್ನು ಹೊರತೆಗೆದಳು, ಆ ಕಲೆಯ ಹಾಸು ಸಾಕೆಂದು. ನಾನು ಬೇಡವೆಂದು ಹಟ ಹಿಡಿದೆ. ಟೆಕ್ಸಸ್ ಯಾರಿಗೆ ಸೇರಿದ್ದೆಂದು ಚರಿತ್ರೆ ಏನಾದರೂ ಹೇಳಿಕೊಳ್ಳಲಿ, ನಮ್ಮ ಮನೆಯ ಮಟ್ಟಿಗೆ ಅದು ಸಾರಿಗೆ ಸೇರಿದ್ದು. ಉಪ್ಪಿನಕಾಯಿ ಬಾಟಲಿಯನ್ನು ಎತ್ತಿ ಪಕ್ಕದ ಸಮುದ್ರದಲ್ಲಿಟ್ಟೆ. ಕುವೈತು ಬೆರಳ ತುದಿಯಷ್ಟು ಕಾಣಿಸಿತು. ಇಂಚರ ಬಂದು ಎಂದಿನಂತೆ ಅಮೆರಿಕದ ಮೇಲೆ ತಟ್ಟೆಯಿಟ್ಟು ಕುಳಿತಳು.

“ಅಪ್ಪಾ, ಸಾರು ಈ ಕಡೆ ತಳ್ಳು” ಎಂದಳು.

ಸಂಭ್ರಮದಲ್ಲಿ ನನ್ನ ಬಾಯಿಂದ ಹೊರಟದ್ದು, “ಶ್ಯೂರ್, ಶ್ಯೂರ್.”