ಊರು ಕೇಳದ ಅಪ್ಪ

ಪಾದ್ರಿಯ ಮಕ್ಕಳಿಗೆ ಸ್ವಂತ ಊರು ಅಂತ ಇರುವುದಿಲ್ಲ, ಬಿಷಪ್ಪರು ಕೊಟ್ಟದ್ದೇ ಊರು. ನಾನು ಇಂಡಿಯಲ್ಲಿ ಹುಟ್ಟಿ, ಮುದ್ದೇಬಿಹಾಳದಲ್ಲಿ ಅಕ್ಷರ ಕಲಿತು, ಬಸವನ ಬಾಗೇವಾಡಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಮೇ ತಿಂಗಳು ಬಂತೆಂದರೆ ವರ್ಗಾವಣೆಯ ಹಂಗಾಮು. ಭಾನುವಾರದ ಆರಾಧನೆ ಮುಗಿದ ಮೇಲೆ ಬಿಷಪ್ಪರ ಆದೇಶವನ್ನು ಸಭೆಯ ಮುಂದೆ ಓದುತ್ತಿದ್ದರು, ಮರುದಿನದಿಂದ ಅವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಇಂಡಿಯಲ್ಲಿ ನಮ್ಮ ಪಕ್ಕದ ಮನೆಯ ಗೌಡರು ಒಮ್ಮೆ ಅಪ್ಪನಿಗೆ, “ನಮ್ಮ ಮಠದ ಅಜ್ಜಾರಿಗೆ ಟ್ರಾನ್ಸ್‌ಫರ್ ಅನ್ನೂದ ಇಲ್ಲ. ನಿಮಗ್ಯಾಕ್ರಿ ಈ ಗೋಳು?” ಎಂದಿದ್ದರು. ಅಪ್ಪ ನಕ್ಕಿದ್ದರು.

ಕೆಲವು ಪಾದ್ರಿಗಳು ಏಪ್ರಿಲ್‌ನಿಂದಲೇ ಬಿಷಪ್ಪರ ಬಂಗಲೆಗೆ ಎಡತಾಕುತ್ತಿದ್ದರು. ಮಗನ ಕಾಲೇಜು, ಅತ್ತೆಯ ಮಂಡಿನೋವು, ಏನಾದರೊಂದು ನೆಪ. ಅಪ್ಪ ಮಾತ್ರ ಆ ಕಡೆ ತಲೆ ಹಾಕಿದವರಲ್ಲ. “ಕಳಿಸಿದಲ್ಲಿ ಹೋಗಾಂವ ನಾನು. ಊರು ಕೇಳಾಂವಲ್ಲ,” ಎನ್ನುತ್ತಿದ್ದರು. ಎಲ್ಲರೂ ಅದನ್ನು ವಿನಯ ಎಂದರು. ನನಗೆ ಅದರಲ್ಲಿ ಹಮ್ಮೇ ಹೆಚ್ಚು ಕಾಣುತ್ತಿತ್ತು, ಈಗಲೂ ಹಾಗೇ ಕಾಣುತ್ತದೆ.

ಅಪ್ಪ ಸಿಂದಗಿಯಲ್ಲಿ ಸಭಾಪಾಲಕರಾಗಿದ್ದಾಗ ಅವ್ವನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆ ಇದ್ದದ್ದು ದೂರದ ಬಿಷಪ್ಪರ ಊರಿನ ದೊಡ್ಡಾಸ್ಪತ್ರೆಯಲ್ಲಿ. ಅದು ಅವ್ವನ ತವರೂ ಹೌದು, ಅಲ್ಲಿ ಉಳಿಯಲು ಈಗ ನಮ್ಮವರು ಯಾರೂ ಇರಲಿಲ್ಲ ಅಷ್ಟೇ. ಹೀಗಾಗಿ ಸಭೆಯವರಿಗೆ ತವರಿಗೆ ಹೋಗಿದ್ದಾಳೆ ಎಂದರೆ ಮುಗಿಯುತ್ತಿತ್ತು. ಔಷಧಕ್ಕೆ ಕೂದಲು ಉದುರಿದ್ದೂ ಯಾರಿಗೂ ತಿಳಿಯಲಿಲ್ಲ, ಅವ್ವನ ತಲೆಯ ಮೇಲಿನ ಸೆರಗು ಎಂದೂ ಜಾರಿದ್ದಲ್ಲ. “ಮಂದಿ ನೋವು ನಾವು ಹೊರಬೇಕು. ನಮ್ಮದನ್ನ ಅವರ ಮ್ಯಾಲ ಹೇರಬಾರದು,” ಎಂಬುದು ಅಪ್ಪನ ಹಟ. ಯಾರದೋ ಮಣ್ಣು, ಯಾರದೋ ಮದುವೆ ಅಡ್ಡ ಬಂದು ಅವ್ವನ ಆಸ್ಪತ್ರೆಯ ದಿನ ಮುಂದೆ ಹೋಗುತ್ತಿತ್ತು. ಬಾಗೇವಾಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ರಜೆ ಸಿಕ್ಕಾಗ ಕರೆದೊಯ್ಯುತ್ತಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ವಾಂತಿ ಮಾಡುತ್ತಿದ್ದಳು.

ಆ ಮೇ ತಿಂಗಳು ಅಪ್ಪನಿಗೆ ಕೆಥೆಡ್ರಲ್‌ನ ನೇಮಕ ಬಂತು. ಬಿಷಪ್ಪರ ಪೀಠವಿರುವ ದೇವಾಲಯ ಅದು. ಪಾದ್ರಿಗಳ ಪಾಲಿಗೆ ಅದಕ್ಕಿಂತ ದೊಡ್ಡ ಜಾಗವಿಲ್ಲ. ಅವ್ವನಿಗೆ ಆ ದೊಡ್ಡಸ್ತಿಕೆ ಬೇಕಾಗಿರಲಿಲ್ಲ. ಅಲ್ಲಿಂದ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ.

“ನಿಮ್ಮಪ್ಪ ಬಾಯಿ ಬಿಟ್ಟು ಕೇಳಲಿಲ್ಲ. ದೇವರಿಗೇ ತಿಳೀತು ನೋಡು,” ಎಂದು ಅವತ್ತೇ ಪಾತ್ರೆ ಕಟ್ಟಲು ಕೂತಳು. ಅಷ್ಟು ಹುರುಪಿನಿಂದ ಅವಳು ಯಾವ ಊರನ್ನೂ ಬಿಟ್ಟಿರಲಿಲ್ಲ.

ಸಭೆಯವರು ಅತ್ತರು. ಅತ್ತು ಸುಮ್ಮನಾಗಿದ್ದರೆ ಬೇರೆ ಮಾತಾಗುತ್ತಿತ್ತು. ಅಪ್ಪನಿಗೆ ಹೇಳದೆ ಕ್ರೂಸರ್ ಗಾಡಿ ಮಾಡಿಕೊಂಡು ಬಿಷಪ್ಪರ ಬಂಗಲೆಗೆ ಹೋದರು. ಸಂಜೆ ಬಂದು ಬಾಗಿಲಲ್ಲಿ ಇಳಿದಾಗ ಅವರ ಕೈಯಲ್ಲಿ ಹಾರ, ಪೇಢೆ. ಎಲ್ಲರಿಗಿಂತ ಮುಂದೆ ಕನ್ನೊಳ್ಳಿಯ ಆಯಿ. ಪ್ರತಿ ವಾರ ಬಸ್ಸು ಹಿಡಿದು ಆರಾಧನೆಗೆ ಬರುತ್ತಿದ್ದ ಮುದುಕಿ ಆಕೆ.

“ಬಿಷಪ್ಪರ ಕಾಲು ಹಿಡದು ಕೇಳೇವ್ರಿ ಅಯ್ಯನವ್ರ! ಆರ್ಡರ್ ಕ್ಯಾನ್ಸಲ್ ಆತು. ನಿಮ್ಮನ್ನ ಎಲ್ಲಿಗೂ ಬಿಡಂಗಿಲ್ಲ ನಾವು!”

ಈಗ ಹೇಳುತ್ತಾರೆ, ಈಗಾದರೂ ಹೇಳುತ್ತಾರೆ ಎಂದು, ರಜೆಗೆ ಬಂದಿದ್ದ ನಾನು ಅಪ್ಪನ ಮುಖ ನೋಡಿದೆ. ಅವರು ಕೊರಳು ಬಗ್ಗಿಸಿ ಹಾರ ಹಾಕಿಸಿಕೊಂಡರು. “ನಿಮ್ಮ ಪ್ರೀತಿ ದೊಡ್ಡದ್ರಿ,” ಎಂದು ಕೈ ಮುಗಿದರು. ಆ ಹಾರವನ್ನು ಕಿತ್ತೆಸೆಯಬೇಕೆನಿಸಿತು ನನಗೆ. ಅವ್ವ ಒಳಗೆ ಹೋಗಿ, ಕಟ್ಟಿದ ಗೋಣಿಚೀಲ ಬಿಚ್ಚಿ, ಚಹಾದ ಪಾತ್ರೆ ಹೊರಗೆ ತೆಗೆದು ಅಷ್ಟೂ ಮಂದಿಗೆ ಚಹಾ ಮಾಡಿದಳು.

ಮುಂದಿನ ಬೇಸಿಗೆಗೆ ಮೊದಲೇ ಅವ್ವ ತೀರಿಕೊಂಡಳು. ಮೈ ತೊಳೆಯಲು ಒಳಗೆ ಹೋದ ಹೆಂಗಸರು ಸೆರಗು ಸರಿಸಿದಾಗ ಎಲ್ಲ ಗೊತ್ತಾಯಿತು. ಕನ್ನೊಳ್ಳಿಯ ಆಯಿ ಒದ್ದೆ ಕೈಯಲ್ಲೇ ಹೊರಗೆ ಬಂದು ಅಪ್ಪನ ಎದುರು ನಿಂತಳು.

“ಒಂದು ಮಾತು ಹೇಳಬಾರದಾಗಿತ್ತೇನ್ರಿ? ನಾವ ನಮ್ಮ ಕೈಯಾರೆ ಆಕಿ ಹಾದಿ ಕಟ್ಟಿದಂಗಾತಲ್ರಿ!”

ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಬಂದದ್ದು ಅಪ್ಪನ ಮೇಲೆ. ಅದು ಇನ್ನೂ ಪೂರ್ತಿ ಇಳಿದಿಲ್ಲ. ಅವ್ವನನ್ನು ಸಿಂದಗಿಯಲ್ಲೇ ಮಣ್ಣು ಮಾಡಿದೆವು.

ಮೇ ತಿಂಗಳಲ್ಲಿ ಮತ್ತೆ ಕೆಥೆಡ್ರಲ್‌ಗೇ ನೇಮಕವಾಯಿತು. ಈ ಸಲ ಯಾರೂ ಗಾಡಿ ಮಾಡಲಿಲ್ಲ. ಅಪ್ಪನೇ ಬಿಳಿ ನಿಲುವಂಗಿ ತೊಟ್ಟು ಬಸ್ಸು ಹತ್ತಿದರು, ಜೊತೆಗೆ ನಾನಿದ್ದೆ. ಬಿಷಪ್ಪರು ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಾ ಎಂದೂ ಊರು ಕೇಳಿದಾಂವಲ್ರಿ. ಈಗ ಕೇಳಾಕ ಬಂದೇನಿ. ಸಿಂದಗಿಯೊಳಗ ಇರಾಕ ಬಿಡ್ರಿ.”

“ಕೆಥೆಡ್ರಲ್ ಬಿಟ್ಟು ಸಿಂದಗಿ ಯಾಕ್ರಿ?” ಎಂದು ಬಿಷಪ್ಪರು ಕೇಳಿದರು.

ಅಪ್ಪ ಕೈ ಮುಗಿದುಕೊಂಡೇ ನಿಂತಿದ್ದರು.

“ಆಕಿ ಅಲ್ಲೇ ಅದಾಳ್ರಿ,” ಎಂದರು.